ಫೋಟೊ ನೋಡಿ ಹಕ್ಕಿ ಬಿಡಿಸಿದರೆ ಅದು ಕಳ್ಳತನವಾ?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ಬಿಡುವಿನಲ್ಲಿ ಜಲವರ್ಣದಲ್ಲಿ ಹಕ್ಕಿ, ಪ್ರಾಣಿ ಬಿಡಿಸುತ್ತೇನೆ. ಎಲ್ಲಾ ಇಂಟರ್ನೆಟ್ಟಿನ ಫೋಟೊ ನೋಡಿಯೇ. ಕಳೆದ ತಿಂಗಳು ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್, ಮರದ ಪೊಟರೆಯಲ್ಲಿರುವ ಹೆಣ್ಣಿಗೆ ಹಣ್ಣು ಕೊಡುತ್ತಿರುವ ಚಿತ್ರ ಬಿಡಿಸಿ ಫೇಸ್‌ಬುಕ್‌ಗೆ ಹಾಕಿದೆ. ‘ಇದು ನನ್ನ ಫೋಟೊ, ಕೇಳದೆ ಕದ್ದಿದ್ದೀರಿ’ ಎಂದು ಒಬ್ಬ ಛಾಯಾಗ್ರಾಹಕರು ಎಲ್ಲರೆದುರು ಬರೆದರು. ನಾನು ಎಡ-ಬಲ ತಿರುಗಿಸಿದ್ದೆ, ತಲೆಯನ್ನು ಇನ್ನೊಂದು ಫೋಟೊದಿಂದ ತಗೊಂಡಿದ್ದೆ, ಹಿಂದೆ ಜೋಗ ಜಲಪಾತ ಸೇರಿಸಿದ್ದೆ. ಶೇಕಡಾ 30ರಷ್ಟು ಬದಲಾಯಿಸಿದರೆ ತೊಂದರೆ ಇಲ್ಲ ಅಂತ ಕೇಳಿದ್ದೆ. ‘ಕಾಡಿಗೇ ಹೋಗದವರು ವನ್ಯಜೀವಿ ಕಲಾವಿದರಾಗಲ್ಲ’ ಅಂತ ಇನ್ನೊಬ್ಬರು ಅಂದರು. ಸಫಾರಿಗೆಲ್ಲ ಹೋಗುವಷ್ಟು ದುಡ್ಡು ನನಗಿಲ್ಲ. ನಿಜ ಹೇಳಬೇಕೆಂದರೆ ನನ್ನ ಚಿತ್ರಗಳಲ್ಲಿ ಜೀವ ಇಲ್ಲ ಅಂತ ನನಗೂ ಅನ್ನಿಸುತ್ತಿದೆ. ಈಗ ಒಂದು ರೆಸಾರ್ಟಿನವರು ಕೋಣೆಗಳಿಗೆ ಆರು ಚಿತ್ರ ಬೇಕು ಎನ್ನುತ್ತಿದ್ದಾರೆ. ಆ ಮಂಗಟ್ಟೆಯೂ ಅದರಲ್ಲಿ ಬೇಕಂತೆ. ಒಪ್ಪಿಕೊಳ್ಳಲೋ ಬೇಡವೋ? ಚಿತ್ರದ ಪ್ರತಿ ಕಳಿಸಿದ್ದೇನೆ.

ಉತ್ತರ: ಮೇಡಂ, ಚಿತ್ರ ನೋಡಿದೆ. ಕೈ ಚೆನ್ನಾಗಿ ಪಳಗಿದೆ. ರೆಕ್ಕೆಯ ಮೇಲಿನ ಬಿಳಿ ಪಟ್ಟಿಗೆ ಬಣ್ಣ ಹಾಕದೆ ಕಾಗದವನ್ನೇ ಬಿಟ್ಟಿದ್ದೀರಲ್ಲ, ಅದು ಹೊಸಬರಿಗೆ ಬರುವಂಥದ್ದಲ್ಲ. ನೀವು ಮೂರು ಪ್ರಶ್ನೆ ಕೇಳಿದ್ದೀರಿ: ಇದು ಕಳ್ಳತನವಾ, ಕಾಡಿಗೆ ಹೋಗಲೇಬೇಕಾ, ಚಿತ್ರದಲ್ಲಿ ಜೀವ ಯಾಕಿಲ್ಲ. ಹಕ್ಕಿ ಗುರುತಿಸುವ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತಾ, ಕಲಿಸುತ್ತಾ ಬಂದವನಾಗಿ ನನಗೆ ಕಾಣುವುದು ಈ ಮೂರೂ ಒಂದೇ ಕಡೆಯಿಂದ ಹುಟ್ಟಿದ ತೊಂದರೆಗಳು ಅಂತ. ನೀವು ಹಕ್ಕಿಯನ್ನು ಬಿಡಿಸಿಲ್ಲ, ಫೋಟೊವನ್ನು ಬಿಡಿಸಿದ್ದೀರಿ.

ಕಾನೂನಿನ ಮಾತು ಮೊದಲು ಮುಗಿಸೋಣ. ನಾನು ವಕೀಲನಲ್ಲ, ಆದರೆ ಈ ಕಸುಬಿನಲ್ಲಿರುವವರು ಇಷ್ಟಾದರೂ ತಿಳಿದಿರಬೇಕು. ನಮ್ಮಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಫೋಟೊ ತೆಗೆದ ಗಳಿಗೆಯಲ್ಲೇ ಅದರ ಹಕ್ಕು ತೆಗೆದವರಿಗೆ ಬರುತ್ತದೆ. ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ಹೆಸರು ಅಚ್ಚಾಗಿರಬೇಕು ಅಂತಲೂ ಇಲ್ಲ. ಫೋಟೊ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಕ್ಯಾಮೆರಾದಿಂದ ಕಾಗದಕ್ಕೆ, ಜಲವರ್ಣಕ್ಕೆ ಬಂದ ಮಾತ್ರಕ್ಕೆ ಅದು ಬೇರೆ ಕೃತಿ ಆಗಿಬಿಡುವುದಿಲ್ಲ. ಬೇರೆ ಮಾಧ್ಯಮದಲ್ಲಿ ಮಾಡಿದ ನಕಲೂ ನಕಲೇ.

ಶೇಕಡಾ 30ರ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಯಾರು ಹುಟ್ಟಿಸಿದರೋ, ಕಲಾ ತರಗತಿಗಳಲ್ಲಿ ಮಾತ್ರ ಬಾಯಿಂದ ಬಾಯಿಗೆ ಓಡಾಡುತ್ತಿದೆ. ‘ಕೃಪೆ: ಇಂಥವರು’ ಎಂದು ಬರೆದರೆ ಸಾಕು ಅನ್ನುವುದೂ ಅಂಥದ್ದೇ. ಹೆಸರು ಹಾಕುವುದು ಮರ್ಯಾದೆ, ಅನುಮತಿ ಬೇರೆ. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಎಲ್ಲರದ್ದೂ ಅಲ್ಲ, ಗೂಗಲ್ ಬರೀ ದಾರಿ ತೋರಿಸುತ್ತದೆ.

ಹಾಗಂತ ಹೆದರಿ ಕುಂಚ ಇಡಬೇಡಿ. ಮನೆಯಲ್ಲಿ ಅಭ್ಯಾಸಕ್ಕೆ ನಕಲು ಮಾಡುವುದಕ್ಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸ್ವಂತ ಬಳಕೆ, ಅಧ್ಯಯನ ಅದರೊಳಗೆ ಬರುತ್ತದೆ. ಪೇಚು ಶುರುವಾಗುವುದು ಅದನ್ನು ‘ನನ್ನ ಚಿತ್ರ’ ಅಂತ ಊರ ಮುಂದೆ ಇಟ್ಟಾಗ, ಇನ್ನೂ ಜಾಸ್ತಿ ಮಾರಿದಾಗ. ಇನ್ನೊಂದು ಸಮಾಧಾನ: ಪ್ರಕೃತಿಯ ಸತ್ಯ ಯಾರ ಆಸ್ತಿಯೂ ಅಲ್ಲ. ಮಂಗಟ್ಟೆಯ ಕೊಕ್ಕಿನ ಬಾಗು, ತಲೆಯ ಮೇಲಿನ ಹಳದಿ ಶಿರಸ್ತ್ರಾಣ, ಬಾಲದ ಕಪ್ಪು ಪಟ್ಟಿ ಇವಕ್ಕೆ ಯಾರೂ ಹಕ್ಕುದಾರರಿಲ್ಲ. ಆ ಛಾಯಾಗ್ರಾಹಕರದು ಅಂತ ಇರುವುದು ಅವರು ಆರಿಸಿದ ಕೋನ, ಬೆಳಕು, ಚೌಕಟ್ಟು, ಕಾದು ಹಿಡಿದ ಆ ಕ್ಷಣ. ನೀವು ತಗೊಂಡಿದ್ದು ಅದನ್ನೇ. ಆದ್ದರಿಂದ ಅವರ ಮಾತಿನ ಧಾಟಿ ಒರಟಾಗಿದ್ದರೂ ದೂರು ಸುಳ್ಳಲ್ಲ.

ಈಗ ಆ ಚಿತ್ರದ ಹತ್ತಿರವೇ ಬರೋಣ, ಯಾಕೆಂದರೆ ಜೀವ ಎಲ್ಲಿ ಹೋಯಿತು ಅನ್ನುವುದಕ್ಕೆ ಅದರಲ್ಲೇ ಉತ್ತರ ಇದೆ.

ಪೊಟರೆಯ ಸೀಳಿನಿಂದ ಹೆಣ್ಣಿನ ಕೊಕ್ಕಿನ ತುದಿ ಕಾಣುತ್ತಿದೆ. ಹೊರಗೆ ಹಣ್ಣು ಹಿಡಿದು ನಿಂತಿದ್ದು ಗಂಡು ಅಂತಾಯಿತು. ಆದರೆ ನೀವು ಅದಕ್ಕೆ ಬಿಳಿ ಕಣ್ಣು ಇಟ್ಟಿದ್ದೀರಿ! ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ತಲೆಯನ್ನು ಬೇರೆ ಫೋಟೊದಿಂದ ತಗೊಂಡೆ ಎಂದಿರಲ್ಲ, ಅದು ಹೆಣ್ಣಿನ ಫೋಟೊ. ಒಟ್ಟಿನಲ್ಲಿ ಗಂಡಿನ ಮೈಗೆ ಹೆಣ್ಣಿನ ತಲೆ ಬಂದು ಕೂತಿದೆ. ಎರಡನೆಯದು ಬೆಳಕು. ಹಕ್ಕಿಯ ಮೇಲೆ ಬಿಸಿಲು ಎಡದಿಂದ ಬೀಳುತ್ತಿದೆ, ಹಿಂದಿನ ಜೋಗದ ಬಂಡೆಗಳ ಮೇಲೆ ಬಲದಿಂದ. ಒಂದೇ ಆಕಾಶದಲ್ಲಿ ಎರಡು ಸೂರ್ಯ. ನೋಡುವವರಿಗೆ ಇದು ತಪ್ಪು ಅಂತ ಬಾಯಿಬಿಟ್ಟು ಹೇಳಲು ಬಾರದೇ ಇರಬಹುದು. ಆದರೆ ಏನೋ ಅಂಟಿಸಿದ ಹಾಗಿದೆ ಅನ್ನಿಸಿಯೇ ಅನ್ನಿಸುತ್ತದೆ. ನಿಮಗೆ ಅನ್ನಿಸಿದ್ದೂ ಅದೇ.

ಎಡ-ಬಲ ತಿರುಗಿಸುವ ಉಪಾಯದ ಬಗ್ಗೆ ಒಂದು ಎಚ್ಚರಿಕೆ. ಹುಲಿ ಬಿಡಿಸುವಾಗ ಇದನ್ನು ಮಾಡಲೇಬೇಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ, ಅದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೂ ಹೊಂದುವುದಿಲ್ಲ. ನಾಗರಹೊಳೆಯಲ್ಲಿ ಹುಲಿ ತಜ್ಞ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿ ಎಣಿಸಿದ್ದು ಈ ಪಟ್ಟೆಗಳನ್ನು ನಂಬಿಯೇ. ನೀವು ಯಾರದೋ ಫೋಟೊದ ಪಟ್ಟೆಗಳನ್ನು ಹಾಗೇ ಇಳಿಸಿದರೆ, ಬಲ್ಲವರು ಹುಲಿಯನ್ನೂ ಗುರುತು ಹಿಡಿಯುತ್ತಾರೆ, ಅದರ ಹಿಂದೆ ಫೋಟೊವನ್ನೂ. ತಿರುಗಿಸಿದರೆ ಲೋಕದಲ್ಲೇ ಇಲ್ಲದ ಹುಲಿಯೊಂದು ಹುಟ್ಟುತ್ತದೆ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಅಂತ ಜನ ಅನ್ನುತ್ತಾರೆ. ಬಿಡಿಸುವವರಿಗೆ ಅದು ದಿನಾ ಸಣ್ಣಪುಟ್ಟ ಸುಳ್ಳು ಹೇಳುತ್ತದೆ. ಉದ್ದ ಲೆನ್ಸಿನಲ್ಲಿ ತೆಗೆದರೆ ದೂರದ ಗುಡ್ಡ ಕಾಟಿಯ ಬೆನ್ನಿಗೇ ಒರಗಿದ ಹಾಗೆ ಕಾಣುತ್ತದೆ, ನಡುವಿನ ಕಣಿವೆ ಮಾಯ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಮೂತಿ ದೊಡ್ಡದು, ಕಿವಿ ಪುಟ್ಟದು. ಬಿಸಿಲಲ್ಲಿ ಬೆಳ್ಳಕ್ಕಿಯ ಮೈ ಬರೀ ಬಿಳಿ ಕಾಗದ ಆಗುತ್ತದೆ. ಮರದ ನೆರಳು ಬರೀ ಕಪ್ಪು ಆಗುತ್ತದೆ. ಅಲ್ಲಿ ನಿಂತು ನೋಡಿದರೆ ಆ ಬಿಳಿಯಲ್ಲಿ ಆಕಾಶದ ನೀಲಿ ಇರುತ್ತದೆ, ನೆರಳಿನಲ್ಲಿ ಹಸಿರೂ ನೇರಳೆಯೂ ಇರುತ್ತವೆ. ನಿಮ್ಮ ಮಳೆಗಾಲವನ್ನೇ ತಗೊಳ್ಳಿ. ಹತ್ತಿರದ ಅಡಿಕೆ ತೋಟದ ಹಸಿರು, ಆಚೆಯ ಕಾಡಿನ ಹಸಿರು, ಮಂಜಿನೊಳಗೆ ಅರ್ಧ ಮುಳುಗಿದ ಗುಡ್ಡದ ಬೂದು ಹಸಿರು, ಇವು ಮೂರೂ ಬೇರೆ. ಫೋಟೊದಲ್ಲಿ ಎಲ್ಲಾ ಒಂದೇ ಡಬ್ಬಿಯ ಬಣ್ಣ. ಬೆಂಗಳೂರಿನ ಹೂಮರಗಳನ್ನು ಬಿಡಿಸಿದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರ ಎಲ್ಲಾದರೂ ನೋಡಲು ಸಿಕ್ಕರೆ ನೆರಳಿನ ಜಾಗಗಳನ್ನು ಗಮನಿಸಿ. ಅವರು ಸ್ಥಳದಲ್ಲೇ ಕೂತು ಬಿಡಿಸಿದವರು. ಆ ನೆರಳುಗಳಲ್ಲಿ ಎಷ್ಟು ಬಣ್ಣ ಇದೆ ಎಂದು ಎಣಿಸಿ.

ಪರರ ಕಣ್ಣನ್ನು ನಂಬಿ ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಅದು ನಮ್ಮ ನೆರೆಯ ಗೋವಾದಿಂದಲೇ ಹೊರಟ ಕಥೆ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಒಂದು ಘೇಂಡಾಮೃಗ ಕೊಟ್ಟ. ಅದು ಗೋವಾದಿಂದ ಹಡಗೇರಿ 1515ರಲ್ಲಿ ಲಿಸ್ಬನ್ ತಲುಪಿತು. ಯಾರೋ ಒಂದು ರೇಖಾಚಿತ್ರ ಮಾಡಿ, ವಿವರ ಬರೆದು ಜರ್ಮನಿಗೆ ಕಳಿಸಿದರು. ಅಲ್ಲಿನ ನ್ಯೂರೆಂಬರ್ಗಿನಲ್ಲಿದ್ದ ಆಲ್ಬ್ರೆಕ್ಟ್ ಡ್ಯೂರರ್, ಪ್ರಾಣಿಯನ್ನು ಒಮ್ಮೆಯೂ ನೋಡದೆ, ಅದರ ಆಧಾರದ ಮೇಲೆ ಮರದಚ್ಚಿನ ಚಿತ್ರ ಮಾಡಿದ. ಅಸಾಧ್ಯ ಕೈಚಳಕದವನು. ಆದರೆ ಚರ್ಮದ ಮಡಿಕೆಗಳು ಅವನ ಕೈಯಲ್ಲಿ ಯೋಧನ ಕವಚದ ಫಲಕಗಳಾದವು. ಬೆನ್ನಿನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬೂ ಬಂತು. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪು ಘೇಂಡಾಮೃಗ ಇರುವುದೇ ಹೀಗೆ ಎಂದು ನಂಬಿತು, ಬೇರೆಯವರು ಆ ಕೊಂಬಿನ ಸಮೇತ ಅದನ್ನೇ ನಕಲು ಮಾಡಿದರು. ಇವತ್ತು ಯಂತ್ರ ಹುಟ್ಟಿಸುವ ಎಐ ಚಿತ್ರಗಳನ್ನು ಮಾದರಿಗೆ ಇಟ್ಟುಕೊಳ್ಳುವವರಿಗೂ ನಾನು ಇದನ್ನೇ ಹೇಳುವುದು. ಮರಕುಟಿಗಕ್ಕೆ ಎರಡು ಬೆರಳು ಮುಂದೆ, ಎರಡು ಹಿಂದೆ. ಆ ಚಿತ್ರಗಳಲ್ಲಿ ಬೆರಳು ಎಣಿಸಿ ನೋಡಿ, ಸುಮ್ನೆ.

ಫೋಟೊ ಕೆಟ್ಟದ್ದು ಅಂತಲ್ಲ. ಓಡುವ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತದೆ ಎಂದು ಚಿತ್ರಕಾರರು ಎಷ್ಟೋ ಕಾಲ ಬಿಡಿಸುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದಾಗ ಗೊತ್ತಾಯಿತು, ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮಡಚಿಕೊಂಡಾಗ. ಕಣ್ಣಿಗೆ ದಕ್ಕದ್ದನ್ನು ಫೋಟೊ ಕೊಟ್ಟಿತು. ‘ಬಲ್ಲವರು ಜೀವಂತ ಪ್ರಾಣಿ ನೋಡಿಯೇ ಬಿಡಿಸುತ್ತಿದ್ದರು’ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದ ಹಕ್ಕಿಗಳ 435 ಫಲಕ ಮಾಡಿದ ಆಡುಬಾನ್ ಹಕ್ಕಿಗಳಿಗೆ ಗುಂಡು ಹೊಡೆದು, ತಂತಿ ಚುಚ್ಚಿ, ಚೌಕಳಿ ಹಾಕಿದ ಹಲಗೆಯ ಮುಂದೆ ನಿಲ್ಲಿಸಿ ಬಿಡಿಸಿದವನು. ಗ್ರಿಡ್, ಅಂದರೆ ಚೌಕಳಿ, ಹಾಕಿ ಬಿಡಿಸುವುದು ಮೋಸ ಅನ್ನುವವರಿಗೆ ಇದನ್ನು ಹೇಳಿ. ಹಕ್ಕಿ ಪುಸ್ತಕಗಳಿಗೆ ಬಿಡಿಸುವ ನಾವೂ ಸಂಗ್ರಹಾಲಯದ ಒಣ ಹಕ್ಕಿಗಳನ್ನು ಅಳೆಯುತ್ತೇವೆ. ಆದರೆ ಸತ್ತ ಮೇಲೆ ಕೊಕ್ಕು, ಕಾಲು, ಕಣ್ಣ ಸುತ್ತಿನ ಬಣ್ಣ ಮಾಸಿಹೋಗುತ್ತದೆ. ಆ ಬಣ್ಣಕ್ಕೆ ಬದುಕಿರುವ ಹಕ್ಕಿಯೇ ಬೇಕು.

ಹಾಗಾದರೆ ಕಾಡು? ಸಫಾರಿಗೆ ದುಡ್ಡಿಲ್ಲ ಅಂತ ಕೊರಗಬೇಡಿ. ಬಿಡಿಸಲು ಕಲಿಯುವವರಿಗೆ ಸಫಾರಿ ಜೀಪಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಗಾಡಿ ಅಲುಗುತ್ತದೆ, ಪಕ್ಕದವರ ಮೊಬೈಲು ಅಡ್ಡ ಬರುತ್ತದೆ, ಪೆನ್ಸಿಲ್ ತೆಗೆಯುವಷ್ಟರಲ್ಲಿ ಹುಲಿ ಲಂಟಾನದೊಳಗೆ. ಬೇಕಾಗಿರುವುದು ಅಪರೂಪದ ಪ್ರಾಣಿ ಅಲ್ಲ, ಗಂಟೆಗಟ್ಟಲೆ ಎದುರಿಗೆ ಇರುವ ಪ್ರಾಣಿ. ಅದು ನಿಮ್ಮ ಸುತ್ತಲೇ ಇದೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಮಳೆಗಾಲದಲ್ಲಿ ಕರಿತಲೆಯ ಐಬಿಸ್‌ಗಳು ಗೂಡು ಕಟ್ಟುತ್ತವೆ. ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ತುಂಬಾ ಬೆಳ್ಳಕ್ಕಿ. ಗೂಡಿನಲ್ಲಿರುವ ಹಕ್ಕಿ ಎಲ್ಲಿಗೂ ಹೋಗಲ್ಲ, ಹೋದರೂ ಅಲ್ಲಿಗೇ ವಾಪಸ್ಸು ಬರುತ್ತದೆ. ಶಿವಮೊಗ್ಗದ ಹತ್ತಿರದ ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಮಲಗಿದ ಆನೆ, ಎದ್ದ ಆನೆ, ಮಂಡಿಯೂರಿದ ಆನೆ ಎಲ್ಲಾ ಸಿಗುತ್ತದೆ. ಅಲ್ಲಿ ಒಂದು ಬೆಳಗ್ಗೆ ಕೂತವರು ಮುಂದೆಂದೂ ನಮ್ಮ ದೇವಸ್ಥಾನದ ಮುಂದೆ ಆಫ್ರಿಕಾದ ಆನೆ ನಿಲ್ಲಿಸುವುದಿಲ್ಲ. (ನಗಬೇಡಿ, ಆ ಅಗಲ ಕಿವಿಯ ಆನೆ ಎಷ್ಟೋ ಕ್ಯಾಲೆಂಡರುಗಳಲ್ಲಿ ನಿಂತಿದೆ.) ಹುಲಿಯೇ ಬೇಕು ಅಂದರೆ ಸಾಗರ ರಸ್ತೆಯಲ್ಲೇ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ಇದೆ. ಆವರಣದೊಳಗಿನ ಹುಲಿಗೆ ಕಾಡು ಹುಲಿಯ ಮೈಕಟ್ಟು ಇರದೇ ಇರಬಹುದು, ಆದರೆ ಭುಜದ ಮೂಳೆ ನಡೆಯುವಾಗ ಬೆನ್ನಿನ ಮೇಲೆ ಏಳುವುದು ಅದಕ್ಕೂ ಹಾಗೇ.

ಅದಕ್ಕೂ ಮೊದಲು ಮನೆಯ ಕೋಳಿ. ತಮಾಷೆಯಲ್ಲ. ಹಕ್ಕಿಯ ಗರಿ ಮೈತುಂಬಾ ಒಂದೇ ಸಮ ಬೆಳೆದಿರುವುದಿಲ್ಲ, ಗುಂಪು ಗುಂಪಾಗಿ, ಸಾಲಾಗಿ ಬೆಳೆದಿರುತ್ತದೆ. ಕೋಳಿ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವಾಗ ಈ ಸಾಲುಗಳು ಸ್ಪಷ್ಟ. ಕಾಲಿನಲ್ಲಿ ಹಿಂದಕ್ಕೆ ಬಾಗಿದ ಕೀಲು ಮಂಡಿ ಅಂದುಕೊಳ್ಳುತ್ತೇವೆ, ಅದು ಹಿಮ್ಮಡಿ. ನಿಜವಾದ ಮಂಡಿ ಗರಿಯೊಳಗೆ ಅಡಗಿದೆ. ಇದು ತಲೆಗೆ ಹೊಕ್ಕರೆ ನೀವು ಬಿಡಿಸಿದ ಹಕ್ಕಿ ಕೊಂಬೆಯ ಮೇಲೆ ಭಾರ ಬಿಟ್ಟು ಕೂರುತ್ತದೆ. ನಿಮ್ಮ ಮಂಗಟ್ಟೆ ಈಗ ಕೊಂಬೆಗೆ ತಾಗಿಕೊಂಡಿದೆ ಅಷ್ಟೇ, ಕೂತಿಲ್ಲ.

ಹೇಗೆ ಬಿಡಿಸುವುದು ಅಂದರೆ, ಒಂದು ಹಾಳೆಯಲ್ಲಿ ಒಂದೇ ಚಿತ್ರ ಅನ್ನುವ ಹಟ ಬಿಡಿ. ಹಕ್ಕಿ ಕತ್ತು ತಿರುಗಿಸಿತಾ, ಅದನ್ನು ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಹೊಸದು ಶುರು ಮಾಡಿ. ಹಕ್ಕಿಗಳ ಭಂಗಿಗಳು ಕೆಲವೇ, ಗರಿ ನೀವುವುದು, ಮೈ ಕೊಡವುವುದು, ಒಂಟಿ ಕಾಲಲ್ಲಿ ನಿಲ್ಲುವುದು ಮತ್ತೆ ಮತ್ತೆ ಬರುತ್ತವೆ. ಬಂದಾಗ ಬಿಟ್ಟ ಕಡೆಯಿಂದ ಮುಂದುವರಿಸಿ. 2ಬಿ ಪೆನ್ಸಿಲ್, ಜೇಬಿಗೆ ಹಿಡಿಸುವ ಪುಸ್ತಕ, ಸಾಧ್ಯವಾದರೆ ಒಂದು ದುರ್ಬೀನು ಸಾಕು. ಬಣ್ಣವನ್ನು ಅಕ್ಷರದಲ್ಲಿ ಬರೆದುಕೊಳ್ಳಿ, ತಾರೀಕನ್ನೂ. ತಾರೀಕು ಯಾಕೆಂದರೆ ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ. ಬೇರೆ ಬೇರೆ ಕಾಲದ ಫೋಟೊ ಬೆರೆಸಿದರೆ ಹಳದಿ ಕೊಕ್ಕಿನ ಹಕ್ಕಿಗೆ ಮದುವೆಯ ಗರಿ ತೊಡಿಸಿಬಿಡುತ್ತೀರಿ. ಮೊದಮೊದಲು ಗೀಚು ಗೀಚಾಗಿ ಬರುತ್ತದೆ, ಫೋಟೊ ನೋಡಿ ಬಿಡಿಸಿದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಜಾಸ್ತಿ ಜನ ಕೈಬಿಡುವುದು ಇಲ್ಲೇ.

ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಬಿದ್ದ ಗರಿ ಕಂಡರೆ ಅಲ್ಲೇ ಬಿಡಿಸಿ ಅಲ್ಲೇ ಬಿಡಿ. ಜಿಂಕೆ ಕೊಂಬು, ಉಗುರು ಇಂಥವನ್ನು ‘ಮಾದರಿಗೆ’ ಎಂದು ಮನೆಗೆ ತಂದರೆ 1972ರ ವನ್ಯಜೀವಿ ಕಾಯ್ದೆ ನಿಮ್ಮ ಕಲೆಯನ್ನು ಕೇಳುವುದಿಲ್ಲ.

ಹೀಗೆ ಒಂದಷ್ಟು ಕಾಲ ಕೂತ ಮೇಲೆ ಫೋಟೊಗೆ ಮರಳಿ ಬನ್ನಿ. ಆಗ ಅದು ಹೇಳಿದ್ದನ್ನೆಲ್ಲ ನೀವು ನಂಬುವುದಿಲ್ಲ, ಕೇಳಬೇಕಾದ್ದನ್ನು ಮಾತ್ರ ಕೇಳುತ್ತೀರಿ. ಭಂಗಿ, ಬೆಳಕು ನಿಮ್ಮ ಪುಸ್ತಕದಿಂದ, ರೆಕ್ಕೆಯ ಗರಿಗಳ ಲೆಕ್ಕ, ಕೊಕ್ಕಿನ ಮಚ್ಚೆ ಐದಾರು ಫೋಟೊಗಳಿಂದ. ಇದು ನನ್ನ ಮಟ್ಟಿಗೆ ಒಳ್ಳೆಯ ದಾರಿ, ನಿಧಾನ ಅನ್ನುವುದು ಬಿಟ್ಟರೆ. ಒಂದೇ ಫೋಟೊವನ್ನು ಆಧರಿಸಿಯೇ ಬಿಡಿಸಬೇಕು ಅಂತಿದ್ದರೆ ಛಾಯಾಗ್ರಾಹಕರನ್ನು ಕೇಳಿ. ಚಿತ್ರ ಮಾರುತ್ತೇನೆ ಎಂಬುದನ್ನೂ ಮುಚ್ಚಿಡದೆ ಹೇಳಿ, ಉತ್ತರ ಬರಹದಲ್ಲಿ ಇರಲಿ. ಸುಮಾರು ಜನ ಒಪ್ಪುತ್ತಾರೆ, ಕೆಲವರು ದುಡ್ಡು ಕೇಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬೇಡ ಅಂದರೆ ಬೇಡ. ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ, ಅಂದರೆ ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದು ಎಂದು ಮೊದಲೇ ಒಪ್ಪಿಗೆ ಕೊಟ್ಟ, ಫೋಟೊಗಳು ಸಿಗುತ್ತವೆ, ಆದರೆ ಪ್ರತಿಯೊಂದರ ಷರತ್ತು ಓದಿ. ‘ಎನ್‌ಸಿ’ ಅಂತಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎನ್‌ಡಿ’ ಅಂತಿದ್ದರೆ ಬದಲಾಯಿಸಿ ಹಂಚುವಂತಿಲ್ಲ. ‘ಎಸ್‌ಎ’ ಅಂತಿದ್ದರೆ ಹಂಚುವಾಗ ನಿಮ್ಮ ಚಿತ್ರವನ್ನೂ ಅದೇ ಷರತ್ತಿಗೆ ಒಪ್ಪಿಸಬೇಕು. ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್ ಥರದ ತಾಣಗಳಲ್ಲಿ ‘ಎನ್‌ಸಿ’ಯೇ ಜಾಸ್ತಿ.

ಇನ್ನು ಆ ಛಾಯಾಗ್ರಾಹಕರ ವಿಷಯ. ಚಿತ್ರವನ್ನು ಈಗಲೇ ತೆಗೆದುಹಾಕಿ. ಕಾಮೆಂಟಿನಲ್ಲಿ ವಾದ ಬೇಡ, ಖಾಸಗಿಯಾಗಿ ನಾಲ್ಕು ಸಾಲು ಬರೆಯಿರಿ: ನಿಮ್ಮ ಫೋಟೊ ನೋಡಿ ಬಿಡಿಸಿದ್ದು ನಿಜ, ಅನುಮತಿ ಬೇಕೆಂದು ಗೊತ್ತಿರಲಿಲ್ಲ, ತೆಗೆದಿದ್ದೇನೆ. ಅವರು ಒಪ್ಪಿಗೆ ಕೊಟ್ಟರೂ ಆ ಮಂಗಟ್ಟೆಯನ್ನು ರೆಸಾರ್ಟಿಗೆ ಕೊಡಬೇಡಿ ಎನ್ನುತ್ತೇನೆ. ಕಾರಣ ಹಕ್ಕಿನದ್ದಲ್ಲ, ಆ ಕಣ್ಣಿನದ್ದು. ಹಕ್ಕಿ ನೋಡಲೆಂದೇ ಬರುವ ಅತಿಥಿಗಳು ಇರುವ ಜಾಗ, ಮೊದಲ ದಿನವೇ ಯಾರಾದರೂ ಕೇಳುತ್ತಾರೆ.

ರೆಸಾರ್ಟಿನ ಕೆಲಸ ಮಾತ್ರ ಒಪ್ಪಿಕೊಳ್ಳಿ. ಆರು ಚಿತ್ರಕ್ಕೆ ಒಂದು ಮಳೆಗಾಲ ಸಮಯ ಕೇಳಿ. ಗುಡವಿ, ಮಂಡಗದ್ದೆ, ಸಕ್ರೆಬೈಲು, ನಿಮ್ಮ ತೋಟದ ಮಡಿವಾಳ ಹಕ್ಕಿ ಇಷ್ಟರಲ್ಲೇ ಆರು ಆಗುತ್ತವೆ. ಮುಂಗಡ ತಗೊಳ್ಳುವ ಮೊದಲು ಒಂದು ವಿಷಯ ಗಮನಿಸಿ. ದುಡ್ಡು ಕೊಟ್ಟು ಹೇಳಿ ಬಿಡಿಸಿಕೊಂಡ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬಿಡಿಸಿಕೊಂಡವರಿಗೇ ಸೇರುತ್ತದೆ. ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆಮೇಲೆ ಅವರು ನಿಮ್ಮ ಬೆಳ್ಳಕ್ಕಿಯನ್ನು ಲೋಟ, ಟೀ ಶರ್ಟ್ ಮೇಲೆಲ್ಲ ಅಚ್ಚು ಹಾಕಿ ಮಾರಿದರೂ ನೀವು ಕೇಳಲು ಬರುವುದಿಲ್ಲ. ಅದಕ್ಕೇ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಮಾರುತ್ತಿರುವುದು ಮೂಲ ಚಿತ್ರ ಮಾತ್ರ, ಕೃತಿಸ್ವಾಮ್ಯ ಕಲಾವಿದೆಯದ್ದೇ. ಇಬ್ಬರ ಸಹಿಯೂ ಅದರ ಕೆಳಗಿರಲಿ.